ಗೊಬ್ಬರದ ಪುಣ್ಯದಿಂದ ಜಿನೋವಾ

ನಾನು ಯೂರೋಪ್ ನೋಡಿದ್ದು ಗೊಬ್ಬರದ ಪುಣ್ಯದಿಂದ. ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ನನ್ನ ತಂಗಿ ಬೆಳಗೋಡಿನಲ್ಲಿ ಗೊಬ್ಬರ, ಔಷಧಿ, ಸ್ಪ್ರೇಯರ್ ಮಾರುವ ಅಂಗಡಿ ನಡೆಸುತ್ತಾಳೆ. ಬೋರ್ಡಿನ ಮೇಲೆ ಇರುವುದು ಗಂಡನ ಹೆಸರು, ಗಲ್ಲಾದ ಹಿಂದೆ ಇರುವವಳು ಇವಳು. ಒಂದು ವರ್ಷ ಸುತ್ತಲಿನ ಕಾಫಿ ತೋಟಗಳೆಲ್ಲ ಇವಳ ಅಂಗಡಿಯ ಗೊಬ್ಬರವನ್ನೇ ತಿಂದವು. ಕಂಪನಿಯವರು ಸಂತೋಷಪಟ್ಟು, ಹಾಸನ-ಚಿಕ್ಕಮಗಳೂರು ಕಡೆಯ ಡೀಲರುಗಳ ಜೊತೆ ಇವಳನ್ನೂ ಯೂರೋಪ್ ಟೂರಿಗೆ ಆರಿಸಿದರು. ಜೋಡಿ ಟಿಕೆಟ್ಟು.

ತಂಗಿಯ ಗಂಡ ಬರಲೊಪ್ಪಲಿಲ್ಲ. “ಹತ್ತು ಗಂಟೆ ವಿಮಾನದಲ್ಲಿ ಎಲೆ ಅಡಿಕೆ ಹಾಕ್ಕೊಂಡು ಎಲ್ಲಿಗೆ ಉಗಿಯದು? ಕಿಟಕಿ ತೆಗೆಯಂಗಿಲ್ವಂತೆ,” ಎಂದುಬಿಟ್ಟರು. ಹೀಗಾಗಿ ಹೈಸ್ಕೂಲಿನ ಸಮಾಜ ವಿಜ್ಞಾನದಿಂದ ನಿವೃತ್ತಳಾಗಿ, ಆಲೂರಿನ ಮನೆಯಲ್ಲಿ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದ ನನಗೆ ಫೋನ್ ಬಂತು.

“ಅಕ್ಕ, ನಿನ್ ಪಾಸ್‌ಪೋರ್ಟ್ ಐತಲ್ಲ, ಮಾನಸ ಸರೋವರಕ್ಕೆ ಹೋಗ್ತೀನಿ ಅಂತ ಮಾಡ್ಸಿದ್ದು?”

“ಇದೆ. ಯಾಕೆ?”

“ಶಿವನ್ನ ಆಮೇಲೆ ನೋಡ್ಕೊಳ್ಳವ. ಈಗ ನನ್ ಜೊತೆ ಬಾ.”

ಟೂರಿನಲ್ಲಿ ಒಟ್ಟು ಮೂವತ್ತು ಜನ. ಬೆಂಗಳೂರಿನಿಂದ ಒಬ್ಬ ಅಡುಗೆಯವನೂ ಬಂದಿದ್ದ. ಪ್ಯಾರಿಸ್ಸಿನಲ್ಲಿ ಗೋಪುರದ ಕೆಳಗೆ ಪುಳಿಯೋಗರೆ, ಸ್ವಿಸ್ ಹಿಮದ ಮೇಲೆ ಅವಲಕ್ಕಿ. ಡೀಲರುಗಳು ಎಲ್ಲಿಗೆ ಹೋದರೂ ಮೊದಲು ಮಣ್ಣನ್ನು ನೋಡುತ್ತಿದ್ದರು, ಆಮೇಲೆ ಮಧ್ಯಾಹ್ನದ ಊಟ ಎಷ್ಟು ಹೊತ್ತಿಗೆ ಎಂದು ಕೇಳುತ್ತಿದ್ದರು. ಎಂಟನೆಯ ದಿನ ಬಸ್ಸು ಇಟಲಿಯ ಜಿನೋವಾಕ್ಕೆ ಬಂತು. ಕಾರ್ಯಕ್ರಮದ ಹಾಳೆಯಲ್ಲಿ ‘ಗೈಡ್ ಜೊತೆ ಹಳೆಯ ಬಂದರು ನಗರದ ಕಾಲ್ನಡಿಗೆ ಪ್ರವಾಸ, ಅರ್ಧ ದಿನ’ ಎಂದಿತ್ತು.

“ನಡಿಯಕ್ಕೆ ಇಷ್ಟು ದೂರ ಬರಬೇಕಿತ್ತಾ ಮಾರಾಯ? ಧರ್ಮಸ್ಥಳಕ್ಕೆ ನಡೆದಿದ್ರೆ ಪುಣ್ಯನಾದ್ರೂ ಬರ್ತಿತ್ತು,” ಎಂದು ಒಬ್ಬ ಡೀಲರು ಬಸ್ಸಿನ ಮೆಟ್ಟಿಲ ಮೇಲೇ ಗೊಣಗಿದ.

ನನಗೆ ಮಾತ್ರ ಬಸ್ಸು ಇಳಿಯುವ ಆತುರ. ತುರ್ಕರು ಕಾನ್‌ಸ್ಟಾಂಟಿನೋಪಲ್ ಹಿಡಿದದ್ದರಿಂದ ಆದ ಪರಿಣಾಮಗಳನ್ನು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವಳು ನಾನು. ವೆನಿಸ್, ಜಿನೋವಾ ಎಂಬ ಎರಡು ಊರುಗಳನ್ನು ಅದೆಷ್ಟು ಮಕ್ಕಳ ತಲೆಗೆ ಕುಟ್ಟಿದ್ದೇನೋ. ಒಬ್ಬ ಪುಣ್ಯಾತ್ಮ ಉತ್ತರ ಪತ್ರಿಕೆಯಲ್ಲಿ ‘ಜನಿವಾರ ನಗರದ ವ್ಯಾಪಾರಿಗಳು’ ಎಂದು ಬರೆದಿದ್ದ. ಮಂಗಳೂರಿನ ಸಮುದ್ರ ಬಿಟ್ಟು ಇನ್ನೊಂದನ್ನು ನೋಡದ ನಾನು ಅದಕ್ಕೆ ಕೆಂಪು ಶಾಯಿಯಲ್ಲಿ ದೊಡ್ಡ ಗೆರೆ ಎಳೆದಿದ್ದೆ.

ಗೈಡು ಅರವತ್ತರ ಆಸುಪಾಸಿನ ಸಣಕಲು ಹೆಂಗಸು. ಬೆಳ್ಳಿ ಕೂದಲು, ಹಳದಿ ಕೊಡೆ. ಮಳೆ ಇರಲಿಲ್ಲ, ಬಿಸಿಲೂ ಇರಲಿಲ್ಲ. ಕೊಡೆ ಇದ್ದದ್ದು ನಾವು ಹಿಂಬಾಲಿಸಲಿಕ್ಕೆ. ನಮ್ಮ ಕಿವಿಗೆಲ್ಲ ಒಂದೊಂದು ಯಂತ್ರ ಸಿಕ್ಕಿಸಿದರು, ಆಕೆ ಮೈಕಿನಲ್ಲಿ ಪಿಸುಗುಟ್ಟಿದರೂ ಕೇಳುವಂತೆ. ಟೂರ್ ಮ್ಯಾನೇಜರ್, ಬೆಂಗಳೂರಿನ ಚುರುಕು ಹುಡುಗ, ಎಚ್ಚರಿಕೆ ಕೊಟ್ಟ: “ಗಲ್ಲಿಗಳು ಚಿಕ್ಕವು. ಎಲ್ಲರೂ ಕೊಡೆ ನೋಡ್ಕೊಂಡು ನಡೀರಿ. ಅಕ್ಕಪಕ್ಕ ನೋಡಬೇಡಿ.” ಕಂಪನಿಯ ಹಸಿರು ಟೋಪಿಯನ್ನು ಎಲ್ಲರೂ ಹಾಕಿಕೊಂಡರು. ತಂಗಿ ಮಾತ್ರ ತನ್ನದನ್ನು ವಾಪಸ್ ಕೊಟ್ಟಳು. ತುರುಬಿನ ಮೇಲೆ ಟೋಪಿ ಕೂರುವುದಿಲ್ಲವಂತೆ.

ಗಲ್ಲಿಗಳು ಚಿಕ್ಕವು ಎಂದರೆ ಹೇಗೆ ಹೇಳಲಿ, ಇಬ್ಬರು ದಪ್ಪನೆಯ ಡೀಲರುಗಳು ಎದುರಾದರೆ ಒಬ್ಬ ಹಿಂದೆ ಸರಿಯಬೇಕು. ಎರಡೂ ಬದಿಗೆ ಆರೇಳು ಅಂತಸ್ತಿನ ಮನೆಗಳು. ಮೇಲೆ ನೋಡಿದರೆ ಆಕಾಶ ಒಂದು ಪಟ್ಟಿಯಷ್ಟೇ, ಅದಕ್ಕೂ ಅಡ್ಡಲಾಗಿ ಯಾರದೋ ಬನಿಯನ್ ಒಣಗುತ್ತಿತ್ತು. ದೊಡ್ಡ ಚರ್ಚು ಬಂತು. ಕಪ್ಪು ಬಿಳಿ ಕಲ್ಲಿನ ಪಟ್ಟೆ ಪಟ್ಟೆ ಗೋಡೆ, ಬಾಗಿಲಲ್ಲಿ ಎರಡು ಸಿಂಹ.

“ಅಪ್ಪನ ಪಟ್ಟಾಪಟ್ಟಿ ಚಡ್ಡಿ ಇದ್ದಂಗೈತೆ ಕಣಕ್ಕ,” ಎಂದಳು ತಂಗಿ.

“ಶ್! ದೇವಸ್ಥಾನ ಕಣೇ ಅದು.”

“ಅಪ್ಪನೇನ್ ದೇವರಿಗೆ ಕಮ್ಮಿನಾ?”

ಗೈಡು ಐದು ನಿಮಿಷ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ್ದನ್ನು ಮ್ಯಾನೇಜರು ಕನ್ನಡಕ್ಕೆ ತಂದ: “ಇದು ಹಳೇ ಚರ್ಚು. ಮುಂದೆ ಬನ್ನಿ.” ಆಮೇಲೆ ಒಂದು ಅರಮನೆಯ ಮುಂದೆ: “ಇದು ಹಳೇ ಮನೆ. ಮುಂದೆ ಬನ್ನಿ.” ಮೂರನೆಯದಕ್ಕೆ ನನಗೆ ತಡೆಯಲಾಗಲಿಲ್ಲ. ಗುಂಪಿನ ಎದುರಿಗೆ ಹೋಗಿ ನಿಂತು, ಗೈಡು ಹೇಳಿದ್ದನ್ನು ಪೂರ್ತಿ ಕನ್ನಡದಲ್ಲಿ ಹೇಳಿದೆ. ಅವಳು ಹೇಳದೆ ಬಿಟ್ಟದ್ದನ್ನೂ ಸೇರಿಸಿದೆ. ಸಮುದ್ರ ಮಾರ್ಗ, ಸಾಂಬಾರ ಪದಾರ್ಥ, ಅರಬ್ ವರ್ತಕರು, ಎಲ್ಲ. ನಿವೃತ್ತಳಾದ ಮೇಲೆ ಇಷ್ಟು ಜನ ಎದುರಿಗೆ ನಿಂತು ಕೇಳಿದ್ದು ಅದೇ ಮೊದಲು. ಗುಂಪಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದ, ಈಗ ಆಲೂರಿನಲ್ಲಿ ಡೀಲರು. ಅವನು ಕೈಯೆತ್ತಿ, “ಮೇಡಂ, ಇದು ಪರೀಕ್ಷೆಗೆ ಬರುತ್ತಾ?” ಎಂದ. ಎಲ್ಲರೂ ನಕ್ಕರು. ನಾನು ನಿಲ್ಲಿಸಲಿಲ್ಲ.

ಹೀಗೆ ಪಾಠ ಮಾಡುತ್ತಾ ಹಳೆಯ ಕೋಟೆ ಬಾಗಿಲ ಹತ್ತಿರದ ಒಂದು ಪುಟ್ಟ ಕಲ್ಲಿನ ಮನೆಗೆ ಬಂದೆವು. ನಮ್ಮ ಕಡೆಯ ಮೆಣಸಿಗೆಂದು ಹೊರಟು ದಾರಿ ತಪ್ಪಿ ಅಮೆರಿಕ ಮುಟ್ಟಿದನಲ್ಲ, ಅವನು ಚಿಕ್ಕಂದಿನಲ್ಲಿ ಇದ್ದ ಮನೆಯಂತೆ. ಅಸಲು ಮನೆ ಬಿದ್ದುಹೋಗಿ ಆಮೇಲೆ ಕಟ್ಟಿದ್ದು ಎಂದು ಗೈಡು ಪ್ರಾಮಾಣಿಕವಾಗಿ ಹೇಳಿದಳು. ಅಲ್ಲಿ ಮ್ಯಾನೇಜರು ತಲೆ ಎಣಿಸಿದ. ಇನ್ನೊಂದು ಸಲ ಎಣಿಸಿದ.

“ಮೇಡಂ, ನಿಮ್ಮ ಸಿಸ್ಟರ್ ಎಲ್ಲಿ?”

ನಾನು ಹಿಂದೆ ನೋಡಿದೆ. ಹಸಿರು ಟೋಪಿಗಳಷ್ಟೇ ಇದ್ದವು. ಅವಳ ಫೋನು ನನ್ನ ಚೀಲದಲ್ಲಿತ್ತು. ಹೋಟೆಲಿನ ಹೆಸರು ಅವಳಿಗೆ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ಅವಳಿಗೆ ಬರುತ್ತಿದ್ದದ್ದು ಗೊಬ್ಬರ, ಕೀಟನಾಶಕಗಳ ಹೆಸರುಗಳು ಮಾತ್ರ. ಅವನ್ನು ಹೇಳಿ ಪೊಲೀಸರ ಹತ್ತಿರ ದಾರಿ ಕೇಳಿದರೆ ಏನಾದೀತು ದೇವರೇ.

ಮಿಕ್ಕವರನ್ನು ಮ್ಯಾನೇಜರಿಗೆ ಒಪ್ಪಿಸಿ, ಗೈಡು ನನ್ನ ಕೈಹಿಡಿದು ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟಳು. ನಡೆಯುತ್ತಲೇ ಯಾರು ಯಾರಿಗೋ ಫೋನ್ ಮಾಡಿದಳು. ನಡುವೆ, “ನಿಮ್ಮ ತಂಗಿ ಇಂಗ್ಲಿಷ್ ಓದಿದ್ದಾರಾ?” ಎಂದು ಕೇಳಿದಳು.

“ಇಲ್ಲ. ಅವಳು ಹತ್ತನೇ ತರಗತಿ ಮುಗಿಸಲಿಲ್ಲ,” ಎಂದೆ. ಯಾಕೆ ಎಂದು ಆಕೆ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕಾರಣ ನಾನು. ನನಗೆ ಕೆಲಸ ಸಿಕ್ಕ ಹೊಸತರಲ್ಲಿ ತಂಗಿ ಅದೇ ಶಾಲೆಯಲ್ಲಿ ಹತ್ತನೇ ತರಗತಿಯಲ್ಲಿದ್ದಳು. ತಂಗಿಯೆಂದು ಸಡಿಲ ಬಿಟ್ಟಳು ಎಂದು ಯಾರೂ ಅನ್ನಬಾರದಲ್ಲ. ಹೊಸ ಜಲಮಾರ್ಗಗಳನ್ನು ಹುಡುಕಲು ಕಾರಣಗಳೇನು ಎಂದು ಕೇಳಿದೆ. ಅವಳಿಗೆ ಬರಲಿಲ್ಲ. ಎಬ್ಬಿಸಿ ನಿಲ್ಲಿಸಿದೆ. ಮಾರನೆಯ ದಿನವೂ ಕೇಳಿದೆ, ಮಾರನೆಯ ದಿನವೂ ನಿಲ್ಲಿಸಿದೆ. ಹೀಗೆ ಒಂದು ವಾರ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವಳಿಗೆ ಮೂವತ್ತನಾಲ್ಕು ಬಂತು. ಪಾಸಾಗಲು ಮೂವತ್ತೈದು ಬೇಕು. ಬೇರೆ ಮಕ್ಕಳಿಗಾಗಿದ್ದರೆ ಎಲ್ಲೋ ಒಂದು ಕಡೆ ಒಂದು ಅಂಕ ಹುಡುಕಿ ಕೊಡುತ್ತಿದ್ದೆ. ಅವಳಿಗೆ ಕೊಡಲಿಲ್ಲ. ಪಬ್ಲಿಕ್ ಪರೀಕ್ಷೆಗೆ ಅವಳು ಕೂರಲೇ ಇಲ್ಲ. ಎರಡು ವರ್ಷದ ಮೇಲೆ ಬೆಳಗೋಡಿಗೆ ಮದುವೆಯಾಗಿ ಹೋದಳು. ಈ ಮಾತು ನಮ್ಮಿಬ್ಬರ ನಡುವೆ ಒಂದು ಸಲವೂ ಬಂದಿರಲಿಲ್ಲ.

ಗೈಡಿನ ಫೋನು ಹೊಡೆದುಕೊಂಡಿತು. ಮಾತಾಡುತ್ತಾ ಅವಳ ಮುಖ ಸಡಿಲವಾಯಿತು. “ಸಿಕ್ಕರು. ನನ್ನ ಗೆಳೆಯನೊಬ್ಬ ಸ್ಪೇನಿನವರ ಗುಂಪನ್ನು ಕರೆದುಕೊಂಡು ಬಂದಿದ್ದಾನೆ. ಅವನದೂ ಹಳದಿ ಕೊಡೆ. ಒಂದು ಗಂಟೆಯಿಂದ ಸೀರೆ ಉಟ್ಟ ಹೆಂಗಸೊಬ್ಬರು ಎಲ್ಲರಿಗಿಂತ ಮುಂದೆ ನಿಂತು ಗಮನವಿಟ್ಟು ಕೇಳುತ್ತಿದ್ದಾರಂತೆ. ಅವನಿಗೆ ಬಹಳ ಸಂತೋಷವಾಗಿದೆ.”

ಬಂದರಿಗೆ ಹೋದೆವು. ನೀರಿನ ಪಕ್ಕದ ಕಲ್ಲುಕಟ್ಟೆಯ ಮೇಲೆ, ಬಿಳಿ ಕೂದಲಿನ ಸ್ಪೇನಿನ ಅಜ್ಜಿಯೊಬ್ಬಳ ಪಕ್ಕದಲ್ಲಿ ನನ್ನ ತಂಗಿ ಕಾಲು ಇಳಿಬಿಟ್ಟು ಕೂತಿದ್ದಳು. ಸೀರೆಯ ಕೆಳಗೆ ಸಕಲೇಶಪುರದಲ್ಲಿ ಕೊಂಡ ಹೊಸ ಬೂಟು. ಕೈಯಲ್ಲಿ ಕಾಗದದ ಮೇಲೆ ಏನೋ ತಿಂಡಿ.

“ಬಂದ್ಯಾ ಅಕ್ಕ? ಕೂತ್ಕ. ಕಡಲೆಹಿಟ್ಟಿನ ದೋಸೆ ಕೊಡ್ಸವ್ರೆ ಈಯಮ್ಮ. ಮೊಟ್ಟೆ ಇಲ್ಲ. ಕೋಳಿ ಥರ ರೆಕ್ಕೆ ಬಡ್ದು ಕೇಳ್ಕಂಡೆ.”

ಭಯ ಕಳೆದ ಮೇಲೆ ಕೋಪ ಬಂತು. “ನಿನಗೆ ಬುದ್ಧಿ ಇದೆಯೇನೇ? ಕಂಡೋರ ಹಿಂದೆ ಹೋಗಿಬಿಟ್ಟಿದೀಯಲ್ಲ!”

“ಕೊಡೆ ನೋಡ್ಕಂಡು ನಡೀರಿ ಅಂದ್ರು, ನೋಡ್ಕಂಡು ನಡ್ದೆ. ಒಂದು ಬೀಜದ ಅಂಗ್ಡಿ ಇತ್ತು, ಪೊಟ್ಟಣ ಎಷ್ಟು ಚೆನ್ನಾಗಿ ಜೋಡ್ಸಿದ್ರು ಅಂತ ನೋಡ್ತಾ ನಿಂತೆ. ತಿರುಗೋ ಹೊತ್ಗೆ ಕೊಡೆ ಎಡಕ್ಕೆ ಹೋಗ್ಬುಡ್ತು. ಕಿವೀದು ಕೆಟ್ಟೋಯ್ತು ಅಂತ ತೆಗ್ದು ಚೀಲಕ್ಕೆ ಹಾಕ್ಕಂಡೆ.”

“ಜನ ಬೇರೆ ಅಂತ ಗೊತ್ತಾಗಲಿಲ್ವಾ?”

“ಆಮೇಲೆ ಗೊತ್ತಾಯ್ತು. ಗೊತ್ತಾಗಿ ಏನ್ ಮಾಡದು? ಇನ್ನ ಅತ್ತಾಗಿ ಇತ್ತಾಗಿ ಓಡಾಡಿದ್ರೆ ಪೂರ್ತಿ ಕಳ್ದೋಗ್ತೀನಿ ಅಂತ ಇವ್ರ ಜೊತೇಲೇ ಇದ್ದೆ. ಮೆಣಸಿಗೆ ಹೊಂಟು ದಾರಿ ತಪ್ಪಿದೋನ ಮನೆ ತೋರ್ಸಿರ್ಬೇಕಲ್ಲ ನಿಮ್ಗೆ. ಅವ್ನಿಗೆ ಮರ್ಯಾದೆ, ನಂಗೆ ಬೈಗುಳ.”

ಅದನ್ನು ಅವಳಿಗೆ ಹೇಳಿದವರು ಯಾರೆಂದು ಕೇಳಿದೆ. ಅವನ ಮನೆ ನೋಡಲಿಕ್ಕಿದೆ ಎಂದು ಬೆಳಗ್ಗೆ ಬಸ್ಸಿನಲ್ಲಿ ನಾನೇ ಹೇಳಿದ್ದೆನಂತೆ.

ಪಕ್ಕದಲ್ಲಿ ಕೂತೆ. “ಇವರ ಭಾಷೆ ಏನಾದ್ರೂ ಅರ್ಥ ಆಯ್ತೇನೇ ನಿನಗೆ?”

“ಎಲ್ಲಿ ಆಗುತ್ತೆ? ನಿನ್ ಕ್ಲಾಸಲ್ಲೂ ಹಿಂಗೇ ಕೂತಿರ್ತಿದ್ದೆ. ಇಲ್ಲಿ ಎಬ್ಸಿ ನಿಲ್ಸಲ್ಲ, ಅಷ್ಟೇಯ.”

ಅವಳು ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಎದುರಿಗೆ ಒಂದು ದೊಡ್ಡ ಹಡಗು ನಿಂತಿತ್ತು. ಅದನ್ನೇ ನೋಡುತ್ತಾ, “ಆ ಒಂದು ಅಂಕ ಕೊಡಬಹುದಿತ್ತು ನಾನು,” ಎಂದೆ.

ಅವಳು ದೋಸೆ ಮುರಿದು ಅರ್ಧ ನನ್ನ ಕೈಗಿಟ್ಟಳು.

“ಮಾರ್ಕಿಗೆ ಬೇಜಾರಿಲ್ಲ ಕಣಕ್ಕ. ಬರೆದಿದ್ದೇ ಅಷ್ಟು. ಆ ವಾರ ಮನೇಲೂ ನೀನು ನನ್ ಜೊತೆ ಮೇಡಂ ಥರಾನೇ ಮಾತಾಡ್ದೆ ನೋಡು. ರೊಟ್ಟಿ ಹಾಕುವಾಗಲೂ ಮುಖ ಗಂಟು. ಅದಕ್ಕೆ ಬೇಜಾರಾಗಿತ್ತು.”

ಅದು ನನಗೆ ನೆನಪೇ ಇರಲಿಲ್ಲ. ಅಂಕ ನೆನಪಿತ್ತು, ರೊಟ್ಟಿ ನೆನಪಿರಲಿಲ್ಲ. ತಪ್ಪಾಯಿತು ಎಂದೆ. “ಆಯ್ತು ಬುಡು, ತಿನ್ನು, ಆರೋಗುತ್ತೆ,” ಎಂದಳು.

ನಮ್ಮ ಗೈಡು ಗೆಳೆಯನ ಹತ್ತಿರ ಮಾತು ಮುಗಿಸಿ ಬಂದು ಎದುರಿಗೆ ನಿಂತಳು. ತಂಗಿ ಅವಳನ್ನು ಮೇಲಿಂದ ಕೆಳಗೆ ನೋಡಿ, “ಅಕ್ಕ, ಮೆಣಸು ಮೆಣಸು ಅಂತ ಬೆಳಗ್ಗಿಂದ ಹೇಳ್ತಾವ್ರಲ್ಲ, ಇವ್ರು ಮೆಣಸಿನ ಬಳ್ಳಿ ನೋಡವ್ರಾ ಕೇಳು,” ಎಂದಳು.

ಕೇಳಿದೆ. ಗೈಡು ಸ್ವಲ್ಪ ಕೆಂಪಾದಳು. ಇಪ್ಪತ್ತು ವರ್ಷದಿಂದ ಮೆಣಸಿನ ಕಥೆ ಹೇಳುತ್ತಿದ್ದೇನೆ, ಗಿಡ ನೋಡಿಲ್ಲ, ಪೊದೆಯಲ್ಲಿ ಕಪ್ಪಗೇ ಬಿಡುತ್ತದೆ ಎಂದುಕೊಂಡಿದ್ದೆ ಎಂದಳು.

ತಂಗಿ ಕಟ್ಟೆಯಿಂದ ಇಳಿದು ನಿಂತಳು. ಬಳ್ಳಿ ತೋಟದ ನೆರಳಿಗೆ ಹಾಕಿದ ಸಿಲ್ವರ್ ಮರಕ್ಕೆ ಹೇಗೆ ಹಬ್ಬುತ್ತದೆ, ಕೊಯ್ಯುವವರು ಏಣಿಯನ್ನು ಮರಕ್ಕೆ ಹೇಗೆ ಕಟ್ಟುತ್ತಾರೆ, ಹಸಿರು ಕಾಳು ಎಲ್ಲೋ ಒಂದು ಕೆಂಪಾದಾಗ ಯಾಕೆ ಕೊಯ್ಯಬೇಕು, ತಡ ಮಾಡಿದರೆ ಹಕ್ಕಿ ಹೇಗೆ ಪಾಲು ತಗೊಳ್ಳುತ್ತದೆ, ಕಣದ ಬಿಸಿಲಿನಲ್ಲಿ ಕಪ್ಪಾಗಲು ಎಷ್ಟು ದಿನ ಬೇಕು, ಎಲ್ಲವನ್ನೂ ಕೈ ಎತ್ತಿ ಇಳಿಸಿ ತೋರಿಸಿದಳು. ನಾನು ಇಂಗ್ಲಿಷಿಗೆ ತರುತ್ತಿದ್ದೆ. ನಡುವೆ ಅರಬ್ ವರ್ತಕರನ್ನು ಸೇರಿಸಹೋದೆ. ಅವಳಿಗೆ ಅದು ಹೇಗೆ ಗೊತ್ತಾಯಿತೋ.

“ನಾನ್ ಹೇಳಿದ್ದಷ್ಟೇ ಹೇಳು,” ಎಂದಳು.

ಅಷ್ಟೇ ಹೇಳಿದೆ. ಸ್ಪೇನಿನ ಅಜ್ಜಿ ಚಪ್ಪಾಳೆ ತಟ್ಟಿದಳು. ಅವಳಿಗೆ ಇಂಗ್ಲಿಷೂ ಬರುತ್ತಿರಲಿಲ್ಲ.

ಬಸ್ಸಿನ ಹತ್ತಿರ ಬಂದಾಗ ಡೀಲರುಗಳು ಹಸಿದು ಕೆಂಡವಾಗಿದ್ದರು. ತಂಗಿ ಯಾರ ಕ್ಷಮೆಯನ್ನೂ ಕೇಳಲಿಲ್ಲ. ಬದಲಿಗೆ, ನೀವು ನೋಡದ ಹಡಗನ್ನು ನಾನು ನೋಡಿದೆ ಎಂದು ಎಲ್ಲರ ಹೊಟ್ಟೆ ಉರಿಸಿದಳು. ಗೈಡು ನನ್ನ ನಂಬರು ಕೇಳಲಿಲ್ಲ, ತಂಗಿಯ ನಂಬರು ಬರೆದುಕೊಂಡಳು. ಬಳ್ಳಿಯ ಫೋಟೋ ಬೇಕಂತೆ.

ಊರಿಗೆ ಬಂದ ವಾರದಲ್ಲಿ ತಂಗಿ ಫೋಟೋ ಕಳಿಸಿದಳು. ಹಸಿರು ಬಳ್ಳಿ, ಅದರ ಮುಂದೆ ಎಲೆ ಅಡಿಕೆ ತುಂಬಿದ ಬಾಯಿ ಮುಚ್ಚಿಕೊಂಡು, ಬಲವಂತಕ್ಕೆ ನಿಂತ ಗಂಡ. ಗೈಡು ಥ್ಯಾಂಕ್ಸ್ ಹೇಳಿ, ಮರಕ್ಕೆ ಇದರಿಂದ ತೊಂದರೆ ಆಗುವುದಿಲ್ಲವೇ ಎಂದು ಕೇಳಿದ್ದಳು. ನಾನು ಬಸ್ಸು ಹತ್ತಿ ಬೆಳಗೋಡಿಗೆ ಹೋಗಿ ಇಂಗ್ಲಿಷಿನಲ್ಲಿ ಉತ್ತರ ಬರೆದುಕೊಡಬೇಕೆಂದು ಅಂಗಡಿಯಲ್ಲಿ ಕೂತು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ, ಅವಳು ಕನ್ನಡದಲ್ಲೇ ಎರಡು ನಿಮಿಷ ಮಾತಾಡಿ ವಾಯ್ಸ್ ಮೆಸೇಜ್ ಕಳಿಸಿಬಿಟ್ಟಿದ್ದಳು.

“ಆಕೆಗೆ ಏನು ತಿಳಿಯುತ್ತೇ ಇದು?” ಎಂದೆ.

“ತಿಳೀಲಿಲ್ಲ ಅಂದ್ರೆ ಕೇಳ್ತಾಳೆ ಬುಡು,” ಎಂದು ಗಿರಾಕಿಯ ಕಡೆ ತಿರುಗಿದಳು.