ಮಡಿಲು ಕೊಟ್ಟ ಸುಳ್ಳು ಉತ್ತರ

ವನಜಾಳಿಗೆ ಹಾವಿನ ಹೆದರಿಕೆ ಇರಲಿಲ್ಲ, ಕತ್ತಲೆಯ ಹೆದರಿಕೆಯೂ ಇರಲಿಲ್ಲ. ಧಾರವಾಡದಲ್ಲಿ ಹುಡುಗಿಯಾಗಿದ್ದಾಗ ಹಿತ್ತಲಿಗೆ ಬಂದ ಕೇರೆಹಾವನ್ನು ಕಸಬರಿಗೆಯಿಂದ ಬೇಲಿಯಾಚೆ ನೂಕಿದವಳು ಅವಳು. ಮದುವೆಯಾಗಿ ನಾಶಿಕದ ಹತ್ತಿರದ ಓಝರಿಗೆ ಬಂದ ಹೊಸದರಲ್ಲಿ, ಮರಾಠಿಯ ಒಂದಕ್ಷರ ಬಾರದಿದ್ದರೂ ತರಕಾರಿಯವನ ಜೊತೆ ಕೈಸನ್ನೆಯಲ್ಲೇ ಜಗಳ ತೆಗೆದು ಗೆದ್ದು ಬಂದಿದ್ದಳು. ಅಂಥ ಗಟ್ಟಿಗಿತ್ತಿ 2008ರ ಹೊತ್ತಿಗೆ ಒಂದೇ ಒಂದು ಕೆಲಸಕ್ಕೆ ನಡುಗುವಂತಾದಳು. ಮಗಳನ್ನು ಹಿಂದಿನಿಂದ ಕರೆಯುವುದಕ್ಕೆ.

ಮಗಳ ಹೆಸರು ಜ್ಯೋತ್ಸ್ನಾ, ವಯಸ್ಸು ಮೂರು ದಾಟಿತ್ತು. ಎದುರು ಕೂತು ಹೇಳಿದರೆ ಎಲ್ಲ ತಿಳಿಯುತ್ತಿತ್ತು. ಚಪ್ಪಲಿ ತಾ ಅಂದರೆ ತರುತ್ತಿತ್ತು, ಊಟಕ್ಕೆ ಬಾ ಅಂದರೆ ಬರುತ್ತಿತ್ತು. ಬಾಯಲ್ಲಿ ಮಾತ್ರ "ಮ್ಮ", "ಪಾ" ಬಿಟ್ಟರೆ ಬೇರೆ ಮಾತಿಲ್ಲ. ಬೆನ್ನು ತಿರುಗಿಸಿ ಆಡುತ್ತ ಕೂತಾಗ ಕರೆದರಂತೂ ಗೋಡೆಯನ್ನು ಕರೆದ ಹಾಗೆ.

ಬೇರೆ ಊರಿನಲ್ಲಾಗಿದ್ದರೆ ಯಾರಾದರೂ ಆಗಲೇ ಕಿವಿಯ ಮಾತೆತ್ತುತ್ತಿದ್ದರೋ ಏನೋ. ಅವರಿದ್ದ ವಿಮಾನ ಕಾರ್ಖಾನೆಯ ಕಾಲನಿಯಲ್ಲಿ ಕನ್ನಡದವರ ಮನೆಗಳಲ್ಲೆಲ್ಲ ಅದೇ ಕಥೆ. ಮಕ್ಕಳಿಗೆ ಕನ್ನಡ ತಿಳಿಯುತ್ತದೆ, ಬಾಯಿಂದ ಹೊರಡುವುದಿಲ್ಲ. ಹೀಗಾಗಿ ಜ್ಯೋತ್ಸ್ನಾ ಸುಮ್ಮನಿದ್ದರೆ ಯಾರಿಗೂ ಸೋಜಿಗವಾಗಲಿಲ್ಲ. ಪಕ್ಕದ ಕ್ವಾರ್ಟರ್ಸಿನ ಕಲಬುರಗಿಯ ನೀಲಾಂಬಿಕಾ ಕಾರಣವನ್ನೂ ಕಂಡುಹಿಡಿದು ಕೊಟ್ಟಳು.

"ಮನ್ಯಾಗ ಕನ್ನಡ, ಬಾಲವಾಡ್ಯಾಗ ಮರಾಠಿ, ಟೀವ್ಯಾಗ ಹಿಂದಿ. ಕೂಸಿನ ತಲಿ ಏನ್ ಮಾಡ್ಬೇಕ್ರಿ, ವನಜಾ? ನಮ್ಮ ಕಿರಣಗೂ ಹಿಂಗೇ ಆಗಿತ್ತು. ಒಂದ ಭಾಷಾ ಹಿಡೀರಿ, ಸರಿ ಹೋಗ್ತದ."

ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. ಅಂದಿನಿಂದ ಮಗುವಿನ ಮುಂದೆ ಕನ್ನಡ ಬಂದ್, ಮರಾಠಿಯೇ ಮಾತು. ವನಜಾಳ ಗಂಡ ಶ್ರೀಪತಿ ಕಾರ್ಖಾನೆಯ ಟೆಕ್ನಿಷಿಯನ್ ಆದ್ದರಿಂದ ಅವನಿಗೆ ಮರಾಠಿ ಸಲೀಸು. ಅತ್ತೆ ಸಾವಿತ್ರಿಬಾಯಿಯ ಮರಾಠಿ ಮಾತ್ರ ಕೊನೆಗೊಂದು "ಆಹೇ" ಹಚ್ಚಿದ ಧಾರವಾಡ ಕನ್ನಡ. ಒಂದು ವಾರ ಹೆಣಗಾಡಿದ ಮುದುಕಿ ಆಮೇಲೆ ಮೊಮ್ಮಗಳಿಗೆ ಕಥೆ ಹೇಳುವುದನ್ನೇ ಬಿಟ್ಟಿತು. ಗಿಜಿಗಿಜಿ ಅನ್ನುತ್ತಿದ್ದ ಮನೆ ಮಠದಂತಾಯಿತು.

ವನಜಾಳ ಒಳಮನಸ್ಸು ಮಾತ್ರ ಒಪ್ಪಿರಲಿಲ್ಲ. ಒಂದು ದಿನ ಯಾರೂ ಇಲ್ಲದಾಗ ಮಗುವಿನ ಹಿಂದೆ ನಿಂತು ಸ್ಟೀಲಿನ ಕೊಡ ನೆಲಕ್ಕೆ ಬಿಟ್ಟಳು. ಜ್ಯೋತ್ಸ್ನಾ ತಟ್ಟನೆ ತಿರುಗಿ ನೋಡಿತು. ವನಜಾ ಮಗುವನ್ನು ಎತ್ತಿಕೊಂಡು ಕುಣಿದಾಡಿಬಿಟ್ಟಳು. ಮರುದಿನ ಯಾಕೋ ಮನಸ್ಸು ತಡೆಯದೆ, ಕೊಡ ಬೇಡವೆಂದು ಕೈಯಲ್ಲೇ ತಾಟು ಹಿಡಿದು ಸೌಟಿನಿಂದ ಬಡಿದಳು. ಆಚೆ ಮನೆಯವರು ಕಿಟಕಿಯಲ್ಲಿ ಇಣುಕಿದರು. ಮಗು ಅಲ್ಲಾಡಲಿಲ್ಲ. ನೆಲ ನಡುಗಿದರೆ ತಿರುಗುತ್ತದೆ, ಸದ್ದಾದರೆ ಇಲ್ಲ ಎಂಬುದು ಅವಳಿಗೆ ಆ ಗಳಿಗೆಯಲ್ಲೇ ತಿಳಿಯಿತು. ತಿಳಿದದ್ದನ್ನು ಅವಳು ಯಾರಿಗೂ ಹೇಳಲಿಲ್ಲ. ಸೆರಗಿನಲ್ಲಿ ಕೆಂಡ ಕಟ್ಟಿಕೊಂಡು ಓಡಾಡಿದಳು.

"ವಿಮಾನ ಬಂದ್ರ ತಲಿ ಎತ್ತಿ ನೋಡ್ತದ," ಎಂದು ಅತ್ತೆ ಹೇಳುತ್ತಿದ್ದರು. "ಕಿವಿ ಕೇಳದ ಕೂಸು ಎಲ್ಯರ ನೋಡೀತೇನು?"

ಕಾರ್ಖಾನೆಯ ವಿಮಾನ ಮೇಲೆದ್ದರೆ ಕಿಟಕಿಯ ಗಾಜು, ಅಡುಗೆಮನೆಯ ಡಬ್ಬಿ, ಮನುಷ್ಯರ ಎದೆ ಎಲ್ಲವೂ ಅದುರುತ್ತಿದ್ದವು. ವನಜಾಳಿಗೆ ಅದು ಗೊತ್ತಿತ್ತು. ಆದರೂ "ಹೌದ್ರಿ ಅತ್ಯಾ, ಖರೇ ಅದ" ಅನ್ನುತ್ತಿದ್ದಳು.

ಆಡಬಾರದ ಮಾತು ಕೊನೆಗೆ ಬೀದಿಯಲ್ಲೇ ಬಿತ್ತು. ಕಾಲನಿಯ ರಸ್ತೆಯಲ್ಲಿ ಅಪ್ಪ ಅಮ್ಮನ ಜೊತೆ ಹೊರಟಿದ್ದ ಜ್ಯೋತ್ಸ್ನಾ ಅಪ್ಪನ ಕೈ ಕೊಸರಿಕೊಂಡು ಮುಂದೆ ಓಡಿತ್ತು. ನಿಫಾಡದ ಕಡೆಯಿಂದ ದ್ರಾಕ್ಷಿಯ ಕ್ರೇಟು ಹೇರಿಕೊಂಡ ಟೆಂಪೋ ಹಿಂದಿನಿಂದ ಹಾರ್ನ್ ಹೊಡೆಯುತ್ತಲೇ ಬಂತು. ಮಗು ನಡುರಸ್ತೆಯಲ್ಲಿ ಕೂತು ಕಲ್ಲು ಹೆಕ್ಕುತ್ತಲೇ ಇತ್ತು. ಬ್ರೇಕು ಕಿರುಚಿತು. ಮೇಲಿನ ಕ್ರೇಟು ಉರುಳಿ ದ್ರಾಕ್ಷಿ ರಸ್ತೆಯ ತುಂಬ ಚೆಲ್ಲಿತು. ಬಂಪರು ಮತ್ತು ಮಗುವಿನ ನಡುವೆ ಒಂದು ಮೊಳ ಜಾಗ ಉಳಿದಿತ್ತು. ಉರುಳಿ ಬಂದ ದ್ರಾಕ್ಷಿಯನ್ನು ನೋಡಿ ಮಗು ನಕ್ಕಿತು.

"ಬಹಿರೀ ಆಹೇ ಕಾ ಹೀ?" ಎಂದು ಡ್ರೈವರ್ ಗುಡುಗಿದ. ಇದು ಕಿವುಡಿಯೇನು?

ಶ್ರೀಪತಿ ಮಗುವನ್ನು ಎದೆಗೊತ್ತಿಕೊಂಡು ಹೆಂಡತಿಯ ಮುಖ ನೋಡಿದ. ಅವಳ ಮುಖದಲ್ಲಿ ಆಶ್ಚರ್ಯದ ಸುಳಿವೂ ಇರಲಿಲ್ಲ.

"ನಿನಗ ಮೊದಲ ಗೊತ್ತಿತ್ತೇನು?" ಎಂದು ಕೇಳಿದ.

ನಾಶಿಕದಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರ್ ಪಿಂಗಳೆ ಎಂಬ ಹಿರಿಯ ಹೆಂಗಸು ಇದ್ದರು. ಬಸ್ಸಿನಲ್ಲಿ ಹೋಗುವಾಗ ವನಜಾ, ಬಸ್ಸು ಕೆಟ್ಟು ನಿಲ್ಲಲಿ, ಡಾಕ್ಟರು ಊರಲ್ಲಿ ಇರದಿರಲಿ ಎಂದು ಬೇಡಿಕೊಂಡಳು. ಬಸ್ಸು ಕೆಡಲಿಲ್ಲ, ಡಾಕ್ಟರು ಇದ್ದರು.

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಡಾಕ್ಟರು ವನಜಾಳಿಗೆ ಹೇಳಿ, ಮುಂದೆ ಬಣ್ಣದ ಗೊಂಬೆ ಇಟ್ಟರು. ಅದು ಗೊಂಬೆಯಲ್ಲಿ ಮೈಮರೆತಾಗ ಹಿಂದಿನಿಂದ ಗಂಟೆ ಬಾರಿಸಿದರು. ಮಗು ತಿರುಗಿತು! ಬಳಿಕ ಗಿಲಕಿ ಆಡಿಸಿದರು. ಆಗಲೂ ತಿರುಗಿತು. ಶ್ರೀಪತಿಯ ಮುಖ ಅರಳಿತು.

ಡಾಕ್ಟರು ಮಾತ್ರ ಮಗುವನ್ನು ನೋಡುತ್ತಿರಲಿಲ್ಲ, ವನಜಾಳ ಮೊಣಕಾಲನ್ನು ನೋಡುತ್ತಿದ್ದರು. ಗಂಟೆ ಬಾರಿಸಿದಾಗ ವನಜಾಳ ಮೈ ತಾನಾಗಿಯೇ ಬೆಚ್ಚಿತ್ತು, ತೊಡೆ ಅಲುಗಿತ್ತು, ಅದಕ್ಕೇ ಮಗು ತಿರುಗಿತ್ತು. ಗಿಲಕಿಯ ಸರದಿಗೆ ಮಾತ್ರ ಅವಳೇ ಬೇಕೆಂದು ತೊಡೆ ಅಲುಗಿಸಿದ್ದಳು. ಪರೀಕ್ಷೆಯಲ್ಲಿ ನಪಾಸಾಗುವ ಮಗುವಿಗೆ ತಾಯಿ ಉತ್ತರ ಹೇಳಿಕೊಟ್ಟಿದ್ದಳು.

"ಮಗುವನ್ನು ಖುರ್ಚಿಯ ಮೇಲೆ ಕೂರಿಸಿ, ತಾಯಿ," ಎಂದು ಡಾಕ್ಟರು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. "ನೀವು ಹೇಳಿಕೊಟ್ಟರೆ ನನಗೇನೂ ನಷ್ಟವಿಲ್ಲ. ನಷ್ಟ ಅವಳಿಗೆ."

ವನಜಾಳ ಕೈ ಏಳಲಿಲ್ಲ. ಶ್ರೀಪತಿಯೇ ಮಗುವನ್ನು ಎತ್ತಿ ಖುರ್ಚಿಗೆ ಕೂರಿಸಿದ. ಖಾಲಿಯಾದ ಮಡಿಲಿಗೆ ಸೆರಗು ಎಳೆದುಕೊಂಡು ವನಜಾ ನೋಡಿದಳು. ಗಂಟೆ ಬಾರಿಸಿದರು, ಗಿಲಕಿ ಆಡಿಸಿದರು, ಕೊನೆಗೆ ಡೋಲು ಬಡಿದರು. ಡೋಲಿಗೆ ಮಾತ್ರ ಮಗು ಒಂದಿಷ್ಟು ಕತ್ತು ಅಲ್ಲಾಡಿಸಿ ಮತ್ತೆ ಗೊಂಬೆ ಹಿಡಿಯಿತು.

ಆಮೇಲೆ ದೀಪದ ಕೊಳವೆ ಇಟ್ಟು ಕಿವಿಯೊಳಗೆ ನೋಡಿದರು. ಕಿವಿಪರದೆಯ ಹಿಂದೆ ನೀರು ತುಂಬಿಕೊಂಡರೂ ಹೀಗಾಗುತ್ತದೆ, ಅದಾದರೆ ವಾಸಿಮಾಡಬಹುದು ಎಂದರು. ವನಜಾ ಒಳಗೊಳಗೇ ಕೈಮುಗಿದಳು. ನೀರಿರಲಿ ದೇವರೇ, ಕೀವಿರಲಿ, ಹೊಲಸಿರಲಿ, ನನ್ನ ಕೂಸಿನ ಕಿವಿಯಲ್ಲಿ ಏನಾದರೂ ಇರಲಿ. ಹೆತ್ತವಳು ಇಂಥ ಹರಕೆ ಹೊರುವ ಕಾಲವೂ ಬರುತ್ತದೆ.

"ಪರದೆ ಸ್ವಚ್ಛವಾಗಿದೆ," ಎಂದರು ಡಾಕ್ಟರು.

ಬೇರೆ ತಾಯಂದಿರು ಕೇಳಿ ಖುಷಿಪಡುವ ಮಾತು. ವನಜಾಳ ಹರಕೆ ಫಲಿಸಲಿಲ್ಲ.

ಕೊನೆಯ ಪರೀಕ್ಷೆಗೆ ಮಗು ನಿದ್ದೆ ಮಾಡಬೇಕಿತ್ತು. ಔಷಧಿ ಕುಡಿಸಿ ಮಲಗಿಸಿ, ಹಣೆಗೂ ಕಿವಿಯ ಹಿಂದೆಯೂ ತಂತಿ ಅಂಟಿಸಿದರು. ಕಿವಿಗೆ ಸದ್ದು ಬಿಡುತ್ತಾರೆ, ಮಿದುಳಿಗೆ ಮುಟ್ಟಿದರೆ ಕಂಪ್ಯೂಟರಿನಲ್ಲಿ ಗೆರೆ ಏಳುತ್ತದೆ. ಇಲ್ಲಿ ಹೇಳಿಕೊಡಲು ಯಾರ ತೊಡೆಯೂ ಇರಲಿಲ್ಲ. ದಿನವಿಡೀ ಮೀಟರು ನೋಡುವ ಶ್ರೀಪತಿ ಗೆರೆ ನೋಡುತ್ತ ನಿಂತ. ವನಜಾ ಅವನ ಮುಖ ನೋಡುತ್ತ ಕೂತಳು. ಗೆರೆ ಮಲಗಿಯೇ ಇತ್ತು. ಸದ್ದು ಏರಿಸಿದರು, ಮತ್ತೂ ಏರಿಸಿದರು. ಶ್ರೀಪತಿ ಕಣ್ಣೊರೆಸಿಕೊಂಡದ್ದು ಕಂಡಿತು. ಬಹಳ ಮೇಲೆ ಹೋದಾಗ ಗೆರೆ ಸಣ್ಣಗೆ ಎದ್ದಿತು.

"ಒಳಕಿವಿಯ ತೊಂದರೆ, ಎರಡೂ ಕಡೆ. ವಾಸಿಯಾಗುವಂಥದ್ದಲ್ಲ," ಎಂದರು ಡಾಕ್ಟರು. "ಆದರೆ ಪೂರ್ತಿ ಹೋಗಿಲ್ಲ. ಕಿವಿಗೆ ಯಂತ್ರ ಹಾಕೋಣ, ಮಾತು ಕಲಿಸೋಣ. ಮನೆಯಲ್ಲಿ ಅವಳ ಜೊತೆ ಯಾವ ಭಾಷೆ ಆಡುತ್ತೀರಿ?"

ವನಜಾ ತಡವರಿಸುತ್ತ ಹೇಳಿದಳು, ಕನ್ನಡ ಬಿಟ್ಟದ್ದನ್ನು, ಅಜ್ಜಿ ಕಥೆ ನಿಲ್ಲಿಸಿದ್ದನ್ನು. ಡಾಕ್ಟರು ಹಣೆ ಒತ್ತಿಕೊಂಡರು.

"ಅವಳಿಗೆ ಭಾಷೆ ಹೆಚ್ಚಾಗಿರಲಿಲ್ಲ, ತಾಯಿ. ಒಂದೂ ಮುಟ್ಟಿರಲಿಲ್ಲ. ನಿಮ್ಮ ಬಾಯಿಗೆ ಸಲೀಸಾಗಿ ಬರುವುದನ್ನು ಆಡಿ. ಹತ್ತಿರ ಕೂತು, ತುಂಬ ಆಡಿ."

ಮನೆಗೆ ಬಂದು ಹೇಳಿದಾಗ ಸಾವಿತ್ರಿಬಾಯಿ ಬಾಯಿಗೆ ಸೆರಗು ಒತ್ತಿಕೊಂಡರು. "ಕೂಸು ನನ್ನ ಬಾಯಿ ನೋಡಿ ನೋಡಿ ಕಥಿ ತಿಳಕೋತಿತ್ತೋ ಏನೋ. ಅದನ್ನೂ ಕಸಗೊಂಡು ಕೂತಿದ್ದೆ ನಾನು," ಎಂದು ಅತ್ತರು.

ಕಿವಿಯ ಅಚ್ಚು ತೆಗೆದು ಯಂತ್ರ ತಯಾರಾಗುವ ತನಕ ವನಜಾಳಿಗೆ ಹೊಸ ಹೆದರಿಕೆ. ಹಾಕಿದ ಮೇಲೂ ಕೇಳದಿದ್ದರೆ? ಸುಳ್ಳಿಗಾದರೂ ತಿರುಗಿಸಲು ಈಗ ಅವಳ ಹತ್ತಿರ ಯಾವ ಉಪಾಯವೂ ಉಳಿದಿರಲಿಲ್ಲ.

ಆ ದಿನ ಬಂತು. ಮಗು ಖುರ್ಚಿಯಲ್ಲಿ ಕೂತಿತ್ತು. ಎರಡೂ ಕಿವಿಗೆ ಯಂತ್ರ ಸಿಕ್ಕಿಸಿ, ಗುಂಡಿ ಒತ್ತಿ, ಕರೆಯಿರಿ ಎಂದು ಡಾಕ್ಟರು ಕಣ್ಸನ್ನೆ ಮಾಡಿದರು. ವನಜಾ ಹಿಂದೆ ಹೋಗಿ ನಿಂತಳು. ಕರೆಯುವ ತನಕವಷ್ಟೇ ಆಸೆ ಜೀವಂತ ಎಂದು ಅವಳಿಗೆ ಗೊತ್ತಿತ್ತು.

"ಜ್ಯೋತ್ಸ್ನಾ... ಬಂಗಾರಾ..."

ಮಗು ಬೆಚ್ಚಿಬಿತ್ತು. ಮೈಯೆಲ್ಲ ಸೆಟೆದುಕೊಂಡು ಮೇಲೆ ನೋಡಿತು, ಪಕ್ಕಕ್ಕೆ ನೋಡಿತು, ಚಿಟ್ಟನೆ ಚೀರಿತು. ಚೀರಿದ ತನ್ನ ದನಿಗೇ ಮತ್ತಷ್ಟು ಹೆದರಿ ಖುರ್ಚಿಯಿಂದ ಜಾರಿ ಅಮ್ಮನ ಸೀರೆಗೆ ಜೋತುಬಿದ್ದಿತು. ವನಜಾ ಕುಕ್ಕರಿಸಿ ಕೂತು ಬಾಚಿ ತಬ್ಬಿಕೊಂಡಳು. ಅಳು, ನಗು ಎರಡೂ ಒಟ್ಟಿಗೆ ಉಕ್ಕಿ ಬಂದವು.

"ಅಂಜಬ್ಯಾಡ ನನ್ನವ್ವಾ, ಅಂಜಬ್ಯಾಡ, ನಾನ ಅದು, ನಾನ..."

ಮಾತು ಬಂದಷ್ಟೂ ಮಗು ನಡುಗಿತು. ಕಣ್ಣಗಲಿಸಿ ಅಮ್ಮನ ತುಟಿಗಳನ್ನೇ ನೋಡಿತು. ಆಮೇಲೆ ಪುಟ್ಟ ಅಂಗೈಯನ್ನು ಆ ಬಾಯಿಯ ಮೇಲೆ ಗಟ್ಟಿಯಾಗಿ ಒತ್ತಿ ಮುಚ್ಚಿತು. ಸದ್ದು ನಿಂತಿತು. ಕೈ ತೆಗೆಯಿತು, ವನಜಾಳ ಬಿಕ್ಕು ಕೇಳಿಸಿತು. ಮತ್ತೆ ಮುಚ್ಚಿತು. ಅಮ್ಮನ ದನಿ ಎಲ್ಲಿಂದ ಬರುತ್ತದೆಂದು ಮಗುವಿಗೆ ತಿಳಿದದ್ದು ಆಗ.