ಮಗ್ಗ ನಿಲ್ಲಿಸಿ ಮಾತಾಡಿದ ಅರ್ಧ ಗಂಟೆ

ಹೋದ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ರಬಕವಿಯ ನನ್ನ ತವರಿನಲ್ಲಿ ನಾಲ್ಕೂ ಪವರ್‌ಲೂಮ್ ನಿಲ್ಲಿಸಿದರು. ಇಲ್ಲ, ಯಾರೂ ತೀರಿಕೊಂಡಿರಲಿಲ್ಲ. ನನ್ನ ತಮ್ಮನ ಮಗಳು ಸೃಷ್ಟಿ ಮಂಗಳೂರಿನಿಂದ ವಿಡಿಯೋ ಕಾಲಿನಲ್ಲಿ ಬರುವವಳಿದ್ದಳು.

ತಮ್ಮ ಈರಣ್ಣನದು ಡೈವೋರ್ಸ್ ಕೇಸು. ಇನ್ನೂ ನಡೆದಿದೆ. (ನಮ್ಮಲ್ಲಿ ಮದುವೆ ಎರಡು ದಿನದಲ್ಲಿ ಮುಗಿಯುತ್ತದೆ, ಬಿಡುವುದಕ್ಕೆ ಮಾತ್ರ ಪುರುಸೊತ್ತು ಬೇಕು.) ಅವನ ಹೆಂಡತಿ ವಿದ್ಯಾಳಿಗೆ ಮಂಗಳೂರಿನಲ್ಲಿ ನೌಕರಿ ಸಿಕ್ಕಿತು, ಎಂಟು ವರ್ಷದ ಮಗಳನ್ನೂ ಕರೆದುಕೊಂಡು ಹೋದಳು. ಕೋರ್ಟು ಹೇಳಿತು: ಪ್ರತಿ ಭಾನುವಾರ ಅರ್ಧ ಗಂಟೆ ತಂದೆ ಮಗಳೊಡನೆ ಮಾತಾಡಬಹುದು.

ತಂದೆಯಂತೆ! ಕೋರ್ಟಿಗೆ ನಮ್ಮ ಮನೆಯ ಪರಿಚಯವಿಲ್ಲ, ಪಾಪ.

ಈ ಸಲದ ಅರ್ಧ ಗಂಟೆಯಲ್ಲಿ ಒಂದು ಮುಖ್ಯ ಕೆಲಸವಿತ್ತು. ದಸರಾ ರಜೆಯಲ್ಲಿ ಹತ್ತು ದಿನ ಸೃಷ್ಟಿ ರಬಕವಿಗೆ ಬರಬಹುದು, ಆದರೆ ಅವಳಿಗೆ ಮನಸ್ಸಿದ್ದರೆ ಮಾತ್ರ. ಕೇಳಿ ಸೋಮವಾರದೊಳಗೆ ತಿಳಿಸಿ ಎಂದಿದ್ದರು ವಕೀಲರು. ಈರಣ್ಣ ಗಡ್ಡ ಬೋಳಿಸಿಕೊಳ್ಳುವಾಗಲೇ ಕನ್ನಡಿಗೆ "ಬರ್ತೀಯೇನವ್ವಾ?" ಎಂದು ಕೇಳಿ ತಾಲೀಮು ಮಾಡುತ್ತಿದ್ದ. ಒಲ್ಲೆ ಅಂದುಬಿಟ್ಟರೆ ಎಂಬ ಅಂಜಿಕೆ ಬೇರೆ.

ಫೋನ್ ಬಂತು. ಈರಣ್ಣ ಹಿಡಿದುಕೊಂಡ. ಅವನ ಕೆಲಸ ಅಲ್ಲಿಗೆ ಮುಗಿಯಿತು. ನಮಗೆಲ್ಲ ಒಂದು ಮೊಬೈಲ್ ಸ್ಟ್ಯಾಂಡ್ ಬೇಕಿತ್ತು, ಅಷ್ಟೇ.

ಮೊದಲು ನಮ್ಮವ್ವ. "ಊಟ ಆತೇನ ಕೂಸ? ಏನ ತಿಂದಿ?"

"ದೋಸೆ, ಆಯಿ."

"ಬರೇ ದ್ವಾಸಿ ತಿಂದ್ರ ಹೊಟ್ಟಿ ತುಂಬತೈತೇನ? ನಿಮ್ಮವ್ವ ರೊಟ್ಟಿ ಮಾಡಿ ಹಾಕೂದಿಲ್ಲೇನ?"

ಒಂಬತ್ತು ನಿಮಿಷ. ಆಮೇಲೆ ನಮ್ಮಪ್ಪನ ತಮ್ಮ ಬಸಪ್ಪ ಕಾಕಾ. "ಹದಿನೇಳರ ಮಗ್ಗಿ ಹೇಳ ನೋಡೂಣು!" ಹುಡುಗಿ ಹದಿನೇಳಾರಲೆವರೆಗೆ ಹೋಗಿ ತಡವರಿಸಿ, "ಎಂತ ಅಜ್ಜ ಇದು?" ಎಂದಿತು.

"ಎಂತ ಅಂತ! ಭಾಷಾನೂ ಕೆಡಿಸ್ಯಾರಲ್ಲೋ!" ಎಂದು ಕಾಕಾ ಭಾಷಣಕ್ಕೇ ಇಳಿದರು. ಅವರ ಪಾಲು ಹನ್ನೆರಡು ನಿಮಿಷ.

ನಾನೇನು ಕಡಿಮೆಯೇ? ಜಮಖಂಡಿಯಿಂದ ಬಸ್ಸು ಹಿಡಿದು ಬಂದವಳು ಸುಮ್ಮನೆ ಕೂತಿರಲೇ? "ಹಿಂದ ತಿರಗ, ಜಡಿ ನೋಡ್ತೇನಿ" ಎಂದೆ. ತಲೆಗೆ ಎಣ್ಣೆ ಹಚ್ಚುತ್ತಾರೋ ಇಲ್ಲವೋ, ನೋಡಬೇಡವೇ? ಪೂರಾ ನಾಲ್ಕು ನಿಮಿಷ ಅಪ್ಪನಿಗೆ ಮಗಳ ಬೆನ್ನಿನ ದರ್ಶನ.

ಗೋಡೆ ಗಡಿಯಾರ ಹನ್ನೊಂದು ಇಪ್ಪತ್ತೈದು ತೋರಿಸುತ್ತಿತ್ತು.

"ಅಪ್ಪಾ, ಮಗ್ಗ ಯಾಕ ಬಂದ್ ಅದಾವು?" ಸೃಷ್ಟಿ ಈ ಕಡೆ ತಿರುಗಿ ಕೇಳಿದಳು. (ಭಾಷೆ ಪೂರ್ತಿ ಕೆಟ್ಟಿರಲಿಲ್ಲ, ನೋಡಿ.)

"ನಿನ್ನ ಮಾತ ಕೇಳ್ಸಲಿ ಅಂತ, ಅವ್ವಿ."

"ಚಾಲೂ ಮಾಡ."

"ಬ್ಯಾಡೋ ಈರಣ್ಣ, ಏನೂ ಕೇಳ್ಸೂದಿಲ್ಲ!" ಎಂದು ಅವ್ವ ಕೂಗುವಷ್ಟರಲ್ಲಿ ಅವನು ಬಟನ್ ಒತ್ತಿಬಿಟ್ಟ.

ಖಟಾಖಟ, ಖಟಾಖಟ. ಕಾಕಾರ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಒಂದಕ್ಷರ ಕೇಳುತ್ತಿರಲಿಲ್ಲ. ಇಂಥ ಶಾಂತಿಯನ್ನು ನಾನು ಆ ಮನೆಯಲ್ಲಿ ಕಂಡಿದ್ದೇ ಇಲ್ಲ.

ಈರಣ್ಣ ಫೋನನ್ನು ನೂಲಿನ ಪೆಟ್ಟಿಗೆಗೆ ಆನಿಸಿ ನಿಲ್ಲಿಸಿದ. ಈಗ ಎರಡೂ ಕೈ ಖಾಲಿ. ಮಗ್ಗದ ಸದ್ದಿನಲ್ಲಿ ದುಡಿಯುವವರು ಮಾತಾಡುವುದೇ ಕೈಯಿಂದ. ನೂಲು ಹರಿಯಿತು, ಚಹಾ ಬಂತು, ಆ ಮಗ್ಗ ನೋಡು, ಎಲ್ಲಕ್ಕೂ ಒಂದೊಂದು ಸನ್ನೆ. ಸೃಷ್ಟಿ ಮಾತಿಗಿಂತ ಮೊದಲು ಕಲಿತದ್ದು ಅದನ್ನೇ.

ಅವನು ಅವಳತ್ತ ಬೆರಳು ಮಾಡಿದ. ಅಂಗೈಯನ್ನು ತನ್ನತ್ತ ಎಳೆದುಕೊಂಡ. ಹುಬ್ಬು ಏರಿಸಿ ಕಾದ.

ಅವಳು ಹತ್ತೂ ಬೆರಳು ಎತ್ತಿದಳು. ಆಮೇಲೆ ಹೆಬ್ಬೆರಳನ್ನು ತುಟಿಗೆ ಒಯ್ದಳು. ಹತ್ತೂ ದಿನ ಬರುತ್ತೇನೆ, ಆದರೆ ಚಹಾ ಕೊಡಬೇಕು!

ಅಷ್ಟರಲ್ಲಿ ಪರದೆಯ ಅಂಚಿನಿಂದ ಬಳೆ ತೊಟ್ಟ ಕೈಯೊಂದು ಬಂತು. ವಿದ್ಯಾಳದು. (ಅವಳೂ ಒಂಬತ್ತು ವರ್ಷ ಈ ಮನೆಯ ಸದ್ದಿನಲ್ಲಿ ಬಾಳಿದವಳೇ.) ಹೆಬ್ಬೆರಳು, ತೋರುಬೆರಳಿನ ನಡುವೆ ಚೂರು ಜಾಗ ಬಿಟ್ಟು ತೋರಿಸಿತು: ಅರ್ಧ ಕಪ್ ಮಾತ್ರ. ಈರಣ್ಣ ತಲೆಯಾಡಿಸಿದ. ವರ್ಷದ ಮೇಲೆ ಗಂಡ ಹೆಂಡತಿ ಒಂದು ವಿಷಯಕ್ಕೆ ಒಪ್ಪಿದರು, ವಕೀಲರಿಲ್ಲದೆ!

ಹನ್ನೊಂದೂವರೆ. ಫೋನ್ ಕಟ್ಟಾಯಿತು.

"ಏನಂದ್ಲೋ?" ಅವ್ವ ಅವನ ಕಿವಿಯಲ್ಲಿ ಕಿರುಚಿದಳು.

"ಬರ್ತಾಳಂತ" ಎಂದು ಈರಣ್ಣ ಕಿರುಚಿ, ಮುಖ ಒರೆಸಿಕೊಳ್ಳುತ್ತ ಮಗ್ಗದ ಹಿಂದೆ ಹೋದ.

ಕರೆಂಟಿನವರಲ್ಲಿ ನನ್ನದೊಂದು ವಿನಂತಿ: ಮುಂದಿನ ಭಾನುವಾರ ಹನ್ನೊಂದಕ್ಕೆ ದಯವಿಟ್ಟು ಕರೆಂಟ್ ತೆಗೆಯಬೇಡಿ, ಮಗ್ಗ ನಿಂತರೆ ನಾವೆಲ್ಲ ಮಾತಾಡಿಬಿಡುತ್ತೇವೆ!