ಅವ್ವ ಹರಾಜಿಗೆ ಬಿಟ್ಟ ಕೌದಿ

ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಶಹಾಪುರದ ಹತ್ತಿರ, ಕಾಲುವೆ ದಂಡೆಯ ನಮ್ಮೂರಿನಲ್ಲಿ ಭತ್ತದ ಕೊಯ್ಲು ಮುಗಿಯುತ್ತಾ ಬಂದಿತ್ತು. ಚರ್ಚಿನಲ್ಲಿ ಸುಗ್ಗಿ ಹಬ್ಬ. ನಾನಾಗ ಕಾಲೇಜು ಓದುತ್ತಿದ್ದೆ.

ನಮ್ಮ ಸುಗ್ಗಿ ಹಬ್ಬ ನೋಡದವರಿಗೆ ಸ್ವಲ್ಪ ಹೇಳಬೇಕು. ಮನೆಯಲ್ಲಿ ಬೆಳೆದದ್ದು, ಕೈಯಾರೆ ಮಾಡಿದ್ದು ಏನಾದರೊಂದನ್ನು ದೇವರಿಗೆಂದು ತಂದು ಚರ್ಚಿನಲ್ಲಿ ಇಡುತ್ತೇವೆ. ಆರಾಧನೆ ಮುಗಿದ ಮೇಲೆ ಅಂಗಳದ ಬೇವಿನ ಗಿಡದ ಕೆಳಗೆ ಅವನ್ನೆಲ್ಲ ಹರಾಜು ಹಾಕುತ್ತಾರೆ. ಕುಂಬಳಕಾಯಿ, ಜೋಳ, ಹುಂಜ, ಯಾರು ಹೆಚ್ಚು ಕೂಗಿದರೆ ಅವರಿಗೆ. ಬಂದ ಹಣ ಚರ್ಚಿಗೆ.

ಅಪ್ಪ ಹೋದಾಗಿನಿಂದ ಅವ್ವ ಕೊಡುತ್ತಿದ್ದದ್ದು ತಾನು ರಾತ್ರಿ ಹೊದೆಯುವ ಒಂದು ಕೌದಿ. ಅಪ್ಪನ ಧೋತರ, ಅಂಗಿಗಳನ್ನು ಸೇರಿಸಿ ಅವಳೇ ಹೊಲಿದದ್ದು. ಅಪ್ಪನ ನೀಲಿ ಗೆರೆಯ ಅಂಗಿ ಅದರ ನಟ್ಟನಡುವೆ ಇತ್ತು. ತಮಾಷೆಯೆಂದರೆ, ಹರಾಜಿನಲ್ಲಿ ಕೂಗಿ ಅದನ್ನು ವಾಪಸ್ ಮನೆಗೆ ತರುವವಳೂ ಅವಳೇ. ಮರುವರ್ಷ ಮತ್ತೆ ಅದೇ ಕೌದಿ. ಊರಿಗೆಲ್ಲ ಗೊತ್ತಿದ್ದರಿಂದ ಅವಳಿಗಿಂತ ಹೆಚ್ಚಿಗೆ ಯಾರೂ ಕೂಗುತ್ತಿರಲಿಲ್ಲ. ಹರಾಜು ನಡೆಸುವ ಸಮುವೇಲ ಮಾವ, "ಈ ಕೌದಿ ಮುಂಜಾನಿ ದೇವರ ಹತ್ರ ಹೋಗಿ ಸಂಜೀಕ ಹೊಳ್ಳಿ ಮನಿಗೇ ಬರ್ತದ ನೋಡ್ರಿ" ಎಂದು ಎಲ್ಲರನ್ನೂ ನಗಿಸುತ್ತಿದ್ದರು. ಅವ್ವನೂ ನಗುತ್ತಿದ್ದಳು.

ಆ ಸಲ ಹಿಂದಿನ ಸಾಲಿನಲ್ಲಿ ಹೊಸ ಹೆಣ್ಣುಮಗಳೊಬ್ಬಳು ಕೂತಿದ್ದಳು. ಸುರಪುರದ ಕಡೆಯಿಂದ ಕೊಯ್ಲಿಗೆ ಬಂದು ಕಾಲುವೆ ಪಕ್ಕ ಗುಡಿಸಲು ಹಾಕಿಕೊಂಡಿದ್ದವಳು. ಮಡಿಲಲ್ಲಿ ಎಳೆಕೂಸು. ನಮ್ಮೂರಿನ ಒಳಗುಟ್ಟು ಅವಳಿಗೇನು ಗೊತ್ತು? ಅವ್ವ ಕೂಗಿದ ಕೂಡಲೇ ಅವಳೂ ಕೈ ಎತ್ತಿ ಇನ್ನಷ್ಟು ಹೆಚ್ಚಿಗೆ ಕೂಗಿಬಿಟ್ಟಳು.

ಸಮುವೇಲ ಮಾವ "ಒಂದ್ ಸಲಾ..." ಎಂದು ಎಳೆದು ಅವ್ವನ ಕಡೆ ನೋಡಿದರು. ಇನ್ನೂ ನಿಧಾನವಾಗಿ "ಎರಡ್ ಸಲಾ..." ಎಂದರು. ಅಪ್ಪನದೆಂದು ಮನೆಯಲ್ಲಿ ಉಳಿದದ್ದು ಅದೊಂದೇ. "ಕೂಗವ್ವ, ಲಗೂನ ಕೂಗು" ಎಂದು ಮೊಣಕೈಯಿಂದ ತಿವಿದೆ. ಅವ್ವನ ಸೆರಗಿನ ಗಂಟಿನಲ್ಲಿ ದುಡ್ಡಿತ್ತು; ಬಿಚ್ಚಿದಳು. ಅವಳು ಆ ಕೂಸನ್ನು ನೋಡಿದಳು, ಕೌದಿಯನ್ನು ನೋಡಿದಳು. ಬಿಚ್ಚಿದ ಗಂಟನ್ನು ಮತ್ತೆ ಕಟ್ಟಿದಳು.

"ನನ್ನ ಮಾರಿ ಏನ್ ನೋಡಕತ್ತೀಯಣ್ಣ? ಮೂರು ಅನ್ನು" ಎಂದಳು ಮಾವನಿಗೆ.

ಮಾವ ಮೂರು ಅಂದರು. ಅವ್ವನೇ ಕೌದಿ ಎತ್ತಿಕೊಂಡು ಹೋಗಿ ಆ ಹುಡುಗಿಯ ಕೈಗಿತ್ತಳು. "ಧೋತರದ ಬದಿ ಒಳಗ ಇರಲಿ ತಂಗಿ, ಕೂಸಿಗಿ ಮೆತ್ತಗಾಗ್ತದ. ಒಗಿಯಾಗ ಮಾತ್ರ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. "ಇರಲಿ ಬಿಡು, ಹೆಂಗರ ಒಗಕೋ. ಈಗದು ನಿಂದು."

ದಾರಿಯುದ್ದಕ್ಕೂ ನಾನು ಅತ್ತೆ. ಅವಳು ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ, "ನಿದ್ದಿ ಬಂತೇನವ್ವ?" ಎಂದು ಕೇಳಿದೆ. "ಥಂಡಿ ಹತ್ತಿತ್ತು. ನಿದ್ದಿ ಛಲೋ ಬಂತು" ಎಂದಳು.

ಈಗ ಅವ್ವ ಇಲ್ಲ. ನಾನು ಯಾದಗಿರಿಯಲ್ಲಿದ್ದೇನೆ. ಇಲ್ಲಿನ ಸುಗ್ಗಿ ಹಬ್ಬಕ್ಕೂ ಏನಾದರೂ ಒಯ್ಯುತ್ತೇನೆ. ಕೊಟ್ಟಮೇಲೂ ನನ್ನ ಕಣ್ಣು ಅದರ ಹಿಂದೆಯೇ ಹೋಗುತ್ತದೆ, ಯಾರ ಪಾಲಾಯಿತೋ, ಹೇಗೆ ಇಟ್ಟುಕೊಳ್ಳುತ್ತಾರೋ ಎಂದು. ಹರಾಜು ಕೂಗುವವರು ಎರಡಕ್ಕೆ ಬಂದು ತಡೆದಾಗ ಕೈ ತಾನಾಗಿ ಮೇಲೇಳಲು ನೋಡುತ್ತದೆ. ಆಗ ತಲೆ ತಗ್ಗಿಸಿ, ಅವ್ವನ ದನಿಯಲ್ಲೇ ನನಗೆ ನಾನೇ ಹೇಳಿಕೊಳ್ಳುತ್ತೇನೆ: ಮೂರು ಅನ್ನು.